ವಿಮಾನ ನೋಡಲು ರಸ್ತೆಯಲ್ಲೇ ಹೊರಡೋಣ

ನಮ್ಮ ಮನೆಗಳಲ್ಲಿ ವಿಮಾನ ಅಂದರೆ ಮೊದಲು ನೆನಪಾಗುವುದು ಬಜ್ಪೆ. ಪೆಟ್ಟಿಗೆಗೆ ಹಗ್ಗ ಬಿಗಿದು, ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆದು, ಬಾಗಿಲ ಹತ್ತಿರ ನಿಂತು ಕೈ ಬೀಸಿದವರು ನಾವು. ಅದೇ ಬಾಗಿಲಿನಿಂದ ಮಗ ಹೊರಗೆ ಬರುವಾಗ ಕಣ್ಣು ಒರೆಸಿಕೊಂಡವರೂ ನಾವೇ. ಆದರೆ ವಿಮಾನ ಎಂಬ ಯಂತ್ರವನ್ನು ಹತ್ತಿರ ನಿಂತು, ನಿಧಾನವಾಗಿ, ಅಳುವಿಲ್ಲದೆ ನೋಡಿದವರು ನಮ್ಮಲ್ಲಿ ಎಷ್ಟು ಮಂದಿ?

ಈ ಪ್ರಶ್ನೆ ನಮಗೆ ಬಂದದ್ದು ಮದ್ರಸದ ಒಬ್ಬ ಹುಡುಗನಿಂದ. ಅವನ ಬಾಪ ಶಾರ್ಜಾದಲ್ಲಿ ಕೆಲಸಕ್ಕಿದ್ದಾರೆ. ಉಮ್ಮನಿಗೂ ಮಗನಿಗೂ ವಿಸಿಟ್ ವೀಸಾ ಮಾಡಿಸುತ್ತೇನೆ ಅಂತ ಎರಡು ವರ್ಷದಿಂದ ಹೇಳುತ್ತಿದ್ದಾರೆ. ಉಮ್ಮ ಒಪ್ಪುವುದಿಲ್ಲ. 2010ರ ಮೇ 22ರ ಬೆಳಗ್ಗೆ ಆ ಮನೆಯಿಂದ ಒಬ್ಬರು ಹೋಗಿದ್ದಾರೆ. ಅಂದು ಹುಡುಗ ಹುಟ್ಟಿರಲೂ ಇಲ್ಲ. ಆದರೂ ಮನೆಯ ಹೆದರಿಕೆ ಅವನಿಗೂ ಬಂದಿದೆ. ಒಂದು ದಿನ ಪಾಠ ಮುಗಿದ ಮೇಲೆ ಅವನು ಕೇಳಿದ: "ಉಸ್ತಾದ್, ಅಷ್ಟು ಭಾರದ ವಿಮಾನ ಮೇಲೆ ನಿಲ್ಲುವುದು ಹೇಗೆ? ಬೀಳುವುದು ಯಾಕೆ?"

ನಮ್ಮಲ್ಲಿ ಸರಿಯಾದ ಉತ್ತರ ಇರಲಿಲ್ಲ. ತಕ್‌ದೀರ್ ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಮಗು ಕೇಳಿದ್ದು ಯಂತ್ರದ ವಿಷಯ. ಹಾಗಾಗಿ ಮೊಹಲ್ಲಾದ ಮೂರು ನಾಲ್ಕು ಮನೆಯವರು ಕೂತು ಮಾತಾಡಿದೆವು. ಈ ಸಲದ ದಸರಾ ರಜೆಯಲ್ಲಿ ಒಂದು ಟೆಂಪೊ ಟ್ರಾವೆಲರ್ ಮಾಡಿಕೊಂಡು ಹಳೆಯ ವಿಮಾನಗಳನ್ನು ನೋಡಿ ಬರುವುದು ಅಂತ ತೀರ್ಮಾನವಾಯಿತು. ಇದೇ ದಾರಿಯಲ್ಲಿ ಬೇರೆಯವರೂ ಹೋಗಬಹುದು ಎಂದು ನಮ್ಮ ಯೋಜನೆಯನ್ನು ಇಲ್ಲಿ ಬರೆಯುತ್ತಿದ್ದೇವೆ.

ಹಿರಿಯರೊಬ್ಬರು ಮೊದಲೇ ಅಡ್ಡ ಮಾತು ಹೇಳಿದರು: "ಎಂತ ಮಾರಾಯ್ರೆ, ಯುದ್ಧದ ವಿಮಾನ ನೋಡಿ ಮಕ್ಕಳಿಗೆ ಎಂತ ಸಿಗ್ತದೆ? ದುಡ್ಡು ಇಸ್ರಾಫ್ ಅಲ್ವಾ?" ಅವರು ಹಜ್‌ಗೆ ಮುಂಬಯಿಯಿಂದ ಹಡಗಿನಲ್ಲಿ ಹೋದವರು. ಹಡಗಿನ ಹಜ್ ಯಾತ್ರೆ 1995ರಲ್ಲಿ ನಿಂತೇ ಹೋಯಿತು. ಈಗ ಹಾಜಿಗಳೆಲ್ಲ ಆಕಾಶದಲ್ಲೇ ಹೋಗುವವರು. ನಾವು ಹೇಳಿದ್ದು ಇಷ್ಟೇ: ಹಾಜಾಕ, ಸೂರಃ ಅಲ್-ಮುಲ್ಕ್‌ನಲ್ಲಿ ಹಕ್ಕಿ ರೆಕ್ಕೆ ಬಿಚ್ಚುವುದನ್ನೂ ಮಡಚುವುದನ್ನೂ ನೋಡಲು ಹೇಳಿದೆಯಲ್ಲ, ನೋಡಿ ಯೋಚಿಸುವುದೂ ಇಲ್ಮ್‌ನ ದಾರಿಯೇ. ಒಂಬತ್ತನೇ ಶತಮಾನದಲ್ಲಿ ಸ್ಪೇನಿನ ಕುರ್ತುಬಾದಲ್ಲಿದ್ದ ಅಬ್ಬಾಸ್ ಇಬ್ನ್ ಫಿರ್ನಾಸ್ ಹಾಗೆಯೇ ಹಕ್ಕಿಯನ್ನು ನೋಡಿ ಮೈಗೆ ಗರಿ, ರೆಕ್ಕೆ ಕಟ್ಟಿ ಹಾರಿದರು ಎಂದು ಇತಿಹಾಸಕಾರ ಅಲ್-ಮಕ್ಕರಿ ಬರೆದಿದ್ದಾರೆ. ಸ್ವಲ್ಪ ದೂರ ಹಾರಿದರಂತೆ, ಇಳಿಯುವಾಗ ಬೆನ್ನಿಗೆ ಪೆಟ್ಟಾಯಿತಂತೆ. ಕಾರಣ, ಹಕ್ಕಿ ಇಳಿಯುವುದು ಬಾಲದ ಸಹಾಯದಿಂದ. ಅವರು ಬಾಲ ಕಟ್ಟಿಕೊಂಡಿರಲಿಲ್ಲ. ಈ ಬಾಲದ ಕತೆಯನ್ನು ನೆನಪಿಡಿ, ಗೋವಾದಲ್ಲಿ ಮತ್ತೆ ಬರುತ್ತದೆ.

ಮೊದಲ ಪ್ರಯಾಣ ಉತ್ತರಕ್ಕೆ, ಕಾರವಾರ ಮತ್ತು ಗೋವಾ. ಶನಿವಾರ ಸುಬಹಿ ನಮಾಝ್ ಮುಗಿಸಿ ಹೊರಡುವುದು. ಮಂಗಳೂರಿನಿಂದ ಕಾರವಾರಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 270 ಕಿ.ಮೀ. ಅರ್ಧ ದಾರಿಯಲ್ಲಿ ಭಟ್ಕಳ ಸಿಗುತ್ತದೆ. ಪತ್ತಿರ್, ಕೋಳಿ ಸುಕ್ಕ ಮನೆಯಿಂದಲೇ ಕಟ್ಟಿಕೊಂಡರೆ ಭಟ್ಕಳದಲ್ಲಿ ಚಹಾ ಮಾತ್ರ ಸಾಕು.

ಕಾರವಾರದ ರವೀಂದ್ರನಾಥ ಟಾಗೋರ್ ಕಡಲ ತೀರದಲ್ಲಿ ಹೆದ್ದಾರಿಯ ಬದಿಗೇ ಟುಪೊಲೆವ್ 142 ನಿಂತಿದೆ. ರಷ್ಯಾದಲ್ಲಿ ತಯಾರಾದ ಈ ವಿಮಾನದ ಉದ್ದ ಸುಮಾರು 53 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 50 ಮೀಟರ್. ನಾಲ್ಕು ಎಂಜಿನ್. ಒಂದೊಂದು ಎಂಜಿನ್‌ಗೂ ಎರಡೆರಡು ಪಂಖ, ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ. 1988ರಲ್ಲಿ ನೌಕಾಪಡೆಗೆ ಸೇರಿ, ಸಮುದ್ರದ ಮೇಲೆ ಗಂಟೆಗಟ್ಟಲೆ ಹಾರಾಡಿ ಜಲಾಂತರ್ಗಾಮಿಗಳನ್ನು ಹುಡುಕುವುದು ಇದರ ಕೆಲಸವಾಗಿತ್ತು. 2017ರ ಮಾರ್ಚ್‌ನಲ್ಲಿ ತಮಿಳುನಾಡಿನ ಅರಕ್ಕೋಣಂನಲ್ಲಿ ನಿವೃತ್ತಿಯಾಯಿತು. ಆಮೇಲೆ ಭಾಗ ಭಾಗ ಬಿಚ್ಚಿ, ಲಾರಿಯಲ್ಲಿ ತಂದು, ಇಲ್ಲಿ ಮತ್ತೆ ಜೋಡಿಸಿದ್ದಾರೆ. ಆಕಾಶದಲ್ಲಿ ಹಾರಿದ್ದು ಕೊನೆಗೆ ನಮ್ಮ ಹಾಗೆ ರಸ್ತೆಯಲ್ಲೇ ಬಂದದ್ದು! ಪಕ್ಕದಲ್ಲೇ ಚಾಪಲ್ ಎಂಬ ಯುದ್ಧ ನೌಕೆಯೂ ಇದೆ. ಅಂದು ರಾತ್ರಿ ಕಾರವಾರದಲ್ಲಿ ತಂಗುವುದು.

ಭಾನುವಾರ ಬೆಳಗ್ಗೆ ಗೋವಾ. ದಾಬೋಲಿಂ ವಿಮಾನ ನಿಲ್ದಾಣದ ಹತ್ತಿರ, ಬೊಗ್ಮಾಲೊ ರಸ್ತೆಯಲ್ಲಿ ನೌಕಾಪಡೆಯ ವಿಮಾನ ಮ್ಯೂಸಿಯಂ ಇದೆ. ಇದು 1998ರಲ್ಲಿ ಶುರುವಾದದ್ದು. ಸೋಮವಾರ ರಜೆ, ಅದಕ್ಕೇ ನಾವು ಭಾನುವಾರ ಇಟ್ಟುಕೊಂಡೆವು. ಹೊರಗಿನ ಅಂಗಳದಲ್ಲಿ ಸೀ ಹಾಕ್, ಅಲಿಝೆ, ಸೀ ಹ್ಯಾರಿಯರ್ ನಿಂತಿವೆ. ಸೀ ಹಾಕ್ ಮತ್ತು ಅಲಿಝೆಗಳು 1971ರ ಯುದ್ಧದಲ್ಲಿ ವಿಕ್ರಾಂತ್ ಹಡಗಿನ ಮೇಲಿನಿಂದ ಹಾರಿದ ಜಾತಿಯವು. ಹಡಗಿನಲ್ಲಿ ಜಾಗ ಕಡಿಮೆ. ಅದಕ್ಕೆ ಇವುಗಳ ರೆಕ್ಕೆ ಮೇಲಕ್ಕೆ ಮಡಚುತ್ತದೆ. ಮಕ್ಕಳು ಅದನ್ನು ತಪ್ಪದೆ ನೋಡಬೇಕು.

ಅಲ್ಲಿ ನಮಗೆ ಹೆಚ್ಚು ಹತ್ತಿರದ್ದು ಸೂಪರ್ ಕಾನ್‌ಸ್ಟಲೇಶನ್. ಅದು ಮೊದಲು ಏರ್ ಇಂಡಿಯಾದಲ್ಲಿ ಪ್ರಯಾಣಿಕರನ್ನು ಕೊಂಡೊಯ್ದ ವಿಮಾನ, ನಂತರ ಸೇನೆಗೆ ಹೋಯಿತು. ಅದರ ಬಾಲದಲ್ಲಿ ಒಂದಲ್ಲ, ಮೂರು ನಿಂತ ರೆಕ್ಕೆಗಳಿವೆ. ವಿಮಾನ ಅತ್ತಿತ್ತ ಓಲಾಡದೆ ನೇರ ಹೋಗಲು ಬಾಲ ಬೇಕು. ಮೂಗು ಮೇಲೆತ್ತಲು, ಕೆಳಗಿಳಿಸಲು ಕೂಡ ಬಾಲದ ಹಲಗೆಗಳೇ ಬೇಕು. ಇಬ್ನ್ ಫಿರ್ನಾಸ್ ಕಲಿತ ಪಾಠ ಸಾವಿರ ವರ್ಷದ ನಂತರ ಕಬ್ಬಿಣದಲ್ಲೋ ಅಲ್ಯುಮಿನಿಯಂನಲ್ಲೋ ಕಣ್ಣೆದುರು ನಿಂತ ಹಾಗೆ. ಸುತ್ತಮುತ್ತ ಸೇನೆಯ ಜಾಗ. ಫೋಟೋ ತೆಗೆಯುವ ಮೊದಲು ಕಾವಲಿನವರನ್ನು ಕೇಳಿಯೇ ತೆಗೆಯಿರಿ.

ಎರಡನೇ ಪ್ರಯಾಣ ಬೆಂಗಳೂರಿಗೆ. ಶಿರಾಡಿ ಘಾಟಿಯ ಮೂಲಕ ಸುಮಾರು 350 ಕಿ.ಮೀ. ಮಳೆ ಇದ್ದರೆ ಘಾಟಿಯ ಸ್ಥಿತಿ ವಿಚಾರಿಸಿಯೇ ಹೊರಡಿ. ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ, ಮಾರತಹಳ್ಳಿಯ ಹತ್ತಿರ ಎಚ್‌ಎಎಲ್ ಮ್ಯೂಸಿಯಂ ಇದೆ. 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನೊಂದಿಗೆ ವಾಲ್‌ಚಂದ್ ಹೀರಾಚಂದ್ ಕಟ್ಟಿದ ಕಾರ್ಖಾನೆ ಎಚ್‌ಎಎಲ್. ಅಲ್ಲಿ ತಯಾರಾದ ಎಚ್‌ಟಿ-2 ನಮ್ಮ ದೇಶದಲ್ಲೇ ವಿನ್ಯಾಸ ಮಾಡಿದ ತರಬೇತಿ ವಿಮಾನ, 1951ರ ಆಗಸ್ಟ್‌ನಲ್ಲಿ ಮೊದಲ ಸಲ ಹಾರಿತು. 1961ರ ಜೂನ್‌ನಲ್ಲಿ ಹಾರಿದ ಮಾರುತ್ ಇಲ್ಲಿಯೇ ಮಾಡಿದ ಜೆಟ್ ಯುದ್ಧ ವಿಮಾನ. ಅದರ ವಿನ್ಯಾಸಕ್ಕೆ ಜರ್ಮನಿಯ ಕರ್ಟ್ ಟ್ಯಾಂಕ್ ಬಂದಿದ್ದರು. ಮಧ್ಯಾಹ್ನದ ನಂತರ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋಗಬಹುದು. ರೈಟ್ ಸಹೋದರರು 1903ರ ಡಿಸೆಂಬರ್ 17ರಂದು ಹಾರಿಸಿದ ವಿಮಾನದ ಅಷ್ಟೇ ದೊಡ್ಡ ಮಾದರಿ ಅಲ್ಲಿದೆ. ಮೊದಲ ಸಲ ಅದು ಮೇಲಿದ್ದದ್ದು ಬರೀ 12 ಸೆಕೆಂಡ್!

ದಾರಿಯ ನಮಾಝ್ ಬಗ್ಗೆ ಹಲವರು ಕೇಳಿದ್ದಾರೆ. ನಮ್ಮ ಶಾಫಿ ಮದ್‌ಹಬ್‌ನಲ್ಲಿ ಎರಡು ಮರ್ಹಲ, ಅಂದರೆ ಸುಮಾರು 132 ಕಿ.ಮೀ. ದೂರದ ಪ್ರಯಾಣಕ್ಕೆ ಖಸ್ರ್, ಜಮ್‌ಅ್ ಎರಡೂ ಅನುಮತಿ ಇದೆ. ಮೂರೂ ಊರು ಅದಕ್ಕಿಂತ ದೂರವೇ. ಲುಹರ್, ಅಸರ್, ಇಶಾ ಎರಡೆರಡು ರಕಅತ್. ಸುಬಹಿ, ಮಗ್ರಿಬ್‌ಗೆ ಖಸ್ರ್ ಇಲ್ಲ. ಊರಿನ ಗಡಿ ದಾಟಿದ ಮೇಲೆಯೇ ಶುರು ಮಾಡಬೇಕು. ಸ್ಥಳೀಯ ಇಮಾಮರ ಹಿಂದೆ ನಿಂತರೆ ಪೂರ್ತಿ ನಾಲ್ಕು ಮಾಡಬೇಕು. ಮಕ್ಕಳಿಗೆ ಕಿತಾಬಿನಲ್ಲಿ ಓದಿದ್ದನ್ನು ದಾರಿಯಲ್ಲಿ ಮಾಡಿ ಕಲಿಯಲು ಇದಕ್ಕಿಂತ ಒಳ್ಳೆಯ ಸಂದರ್ಭ ಇಲ್ಲ. ಮ್ಯೂಸಿಯಂಗಳ ಸಮಯ ಬದಲಾಗುವುದುಂಟು, ಹೊರಡುವ ಮುಂಚೆ ಒಂದು ಫೋನ್ ಮಾಡಿಕೊಳ್ಳಿ.

ಇನ್ನು ಹುಡುಗನ ಎರಡನೇ ಪ್ರಶ್ನೆ. ಬೀಳುವುದು ಯಾಕೆ? ಅದಕ್ಕಾಗಿ ನಮ್ಮ ಪ್ರಯಾಣ ಕಾರವಾರದಿಂದಲ್ಲ, ಇಲ್ಲಿಂದಲೇ ಶುರುವಾಗಬೇಕು ಎಂದು ನಿರ್ಧರಿಸಿದೆವು. ಬಜ್ಪೆ ನಿಲ್ದಾಣ 1951ರಲ್ಲಿ ಆರಂಭವಾದದ್ದು. ಗುಡ್ಡದ ತಲೆ ಸಮ ಮಾಡಿ ಕಟ್ಟಿದ ರನ್‌ವೇ; ಎರಡೂ ಬದಿ ಕಣಿವೆ. 2006ರಲ್ಲಿ 2,450 ಮೀಟರ್ ಉದ್ದದ ಹೊಸ ರನ್‌ವೇ ಬಂತು, ದುಬೈಗೆ ನೇರ ವಿಮಾನವೂ ಬಂತು. ನಾಲ್ಕು ವರ್ಷದ ನಂತರ ದುಬೈಯಿಂದ ಬಂದ ವಿಮಾನ ರನ್‌ವೇಯಲ್ಲಿ ಬಹಳ ಮುಂದೆ ಹೋಗಿ ನೆಲ ಮುಟ್ಟಿತು. ನಿಲ್ಲಲು ಜಾಗ ಸಾಲದೆ ಕಣಿವೆಗೆ ಇಳಿಯಿತು. 166 ಮಂದಿಯಲ್ಲಿ 158 ಮಂದಿ ತೀರಿಹೋದರು, 8 ಮಂದಿ ಉಳಿದರು. ಇಳಿಯುವುದು ಸರಿ ಕಾಣದಿದ್ದರೆ ಮತ್ತೆ ಮೇಲೇರಿ ಒಂದು ಸುತ್ತು ಹಾಕಿ ಬರಬೇಕು, ಅದೇ ನಿಯಮ. ಬಿದ್ದದ್ದಕ್ಕೆ ಕಾರಣ ಹುಡುಕಿ ಬರೆದಿಡುವುದು ಇನ್ನೊಂದು ಬೀಳದಿರಲಿ ಎಂದು. ಇಷ್ಟನ್ನು ಹೆದರಿಸದೆ, ಮುಚ್ಚಿಡದೆ ಮಕ್ಕಳಿಗೆ ಹೇಳಬಹುದು. ಹಾಗಾಗಿ ಹೊರಡುವ ಹಿಂದಿನ ದಿನ ಕೂಳೂರು-ತಣ್ಣೀರುಬಾವಿ ರಸ್ತೆಯ ಸ್ಮಾರಕ ಉದ್ಯಾನಕ್ಕೆ ಹೋಗಿ ತೀರಿಹೋದವರಿಗೆ ದುಆ ಮಾಡುವುದು ನಮ್ಮ ಯೋಜನೆಯ ಮೊದಲ ಸಾಲು.

ಗಲ್ಫ್‌ನಲ್ಲಿರುವವರಿಗೂ ಒಂದು ಮಾತು. ಶಾರ್ಜಾದಲ್ಲಿ ಅಲ್ ಮಹತ್ತಾ ಮ್ಯೂಸಿಯಂ ಇದೆ. ಅದು 1932ರಲ್ಲಿ ಶುರುವಾದ ಹಳೆಯ ವಿಮಾನ ನಿಲ್ದಾಣ. ಲಂಡನ್‌ನಿಂದ ಭಾರತಕ್ಕೆ ಬರುವ ವಿಮಾನಗಳು ಅಲ್ಲಿ ತಂಗುತ್ತಿದ್ದವು. ಇಂದು ಕಾರುಗಳು ಓಡುವ ಕಿಂಗ್ ಅಬ್ದುಲ್ ಅಝೀಝ್ ರಸ್ತೆ ಅಂದಿನ ರನ್‌ವೇ. ಹುಡುಗನ ಬಾಪ ಅದೇ ಊರಲ್ಲಿದ್ದೂ ನೋಡಿರಲಿಲ್ಲ. ರಜೆಯ ದಿನ ಅಲ್ಲಿಗೆ ಹೋಗಿ ವೀಡಿಯೊ ಕಾಲ್ ಮಾಡುತ್ತೇನೆ ಎಂದಿದ್ದಾರೆ. ಮಗ ಗೋವಾದಿಂದ ತೋರಿಸುವುದು, ಬಾಪ ಶಾರ್ಜಾದಿಂದ ತೋರಿಸುವುದು.

ಇದರಿಂದ ಹೆದರಿಕೆ ಹೋಗಿಬಿಡುತ್ತದೆ ಎಂದು ನಾವು ಹೇಳುವುದಿಲ್ಲ. ಕಳೆದುಕೊಂಡವರ ಮನಸ್ಸು ಮ್ಯೂಸಿಯಂ ನೋಡಿ ಸರಿಯಾಗುವಂಥದ್ದಲ್ಲ. ಹುಡುಗ ಮಾತ್ರ ಒಂದು ನೋಟ್ ಪುಸ್ತಕ ಕೊಂಡು ವಿಮಾನಗಳ ಹೆಸರು ಬರೆಯಲು ಶುರು ಮಾಡಿದ್ದಾನೆ. ಕಳೆದ ಗುರುವಾರ ಮಗ್ರಿಬ್ ಆದ ಮೇಲೆ ಅವನ ಉಮ್ಮ ನಮ್ಮ ಮನೆಗೆ ಫೋನ್ ಮಾಡಿ ಕೇಳಿದರಂತೆ: "ಗಾಡಿಯಲ್ಲಿ ಇನ್ನೊಂದು ಸೀಟ್ ಉಂಟಾ?"

ಉಂಟು. ಇಂಶಾ ಅಲ್ಲಾಹ್, ಶನಿವಾರ ಸುಬಹಿ ಆದ ಕೂಡಲೇ ಹೊರಡುತ್ತೇವೆ.