ಪ್ರಾಯ ಬರೆಯದ ವೀರಗಲ್ಲು

ಹದಿಹರೆಯದಲ್ಲೇ ಕಾದಿ ಮಡಿದವನನ್ನು ನಾಡು ಹೇಗೆ ನೆನೆಯುತ್ತಿತ್ತು ಎಂಬ ಪ್ರಶ್ನೆಗೆ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ವೀರಗಲ್ಲುಗಳು ಅರ್ಧ ಉತ್ತರವನ್ನಷ್ಟೇ ಕೊಡುತ್ತವೆ. ಕಾಳಗದಲ್ಲಾಗಲಿ, ‘ತುರುಗೊಳ್’ ಅಂದರೆ ದನಗಳ ಅಪಹರಣವನ್ನು ತಡೆಯುವಾಗಲಾಗಲಿ, ‘ಊರಳಿವು’ ಅಂದರೆ ಊರನ್ನು ಹಾಳುಗೆಡವುವ ದಾಳಿಯನ್ನು ಎದುರಿಸುವಾಗಲಾಗಲಿ ಸತ್ತವನಿಗೆ ನಿಲ್ಲಿಸುತ್ತಿದ್ದ ಸ್ಮಾರಕಶಿಲೆಯೇ ವೀರಗಲ್ಲು. ಗಂಗರ ರಾಜಧಾನಿಯಾಗಿದ್ದ ತಲಕಾಡು ನರಸೀಪುರ ತಾಲ್ಲೂಕಿನಲ್ಲೇ ಇದ್ದು, ಮುಂದೆ ಚೋಳರೂ ಹೊಯ್ಸಳರೂ ಅದನ್ನು ಒಬ್ಬರ ಬಳಿಕ ಒಬ್ಬರು ವಶಪಡಿಸಿಕೊಂಡುದರಿಂದ, ಕಾವೇರಿ–ಕಪಿಲೆಯರ ಈ ಸೀಮೆಗೆ ಯುದ್ಧ ಅಪರಿಚಿತವಾಗಿರಲಿಲ್ಲ. ಶಾಸನತಜ್ಞ ಬಿ.ಎಲ್. ರೈಸ್ 1894ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಮೂರನೆಯ ಸಂಪುಟದಲ್ಲಿ ಈ ಎರಡೂ ತಾಲ್ಲೂಕುಗಳ ಶಾಸನಗಳು ಸೇರಿವೆ.

ವೀರಗಲ್ಲನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ತಳದ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದೆದುರು ಕೈಮುಗಿದು ಕುಳಿತ ವೀರ, ನೆತ್ತಿಯಲ್ಲಿ ಕೀರ್ತಿಯ ಸ್ಥಿರತೆಯನ್ನು ಸಾರುವ ಸೂರ್ಯಚಂದ್ರರು. ಶಿಲ್ಪಿಯ ಉಳಿಗೆ ಎಲ್ಲ ವೀರರೂ ಒಂದೇ ಪ್ರಾಯದವರು. ಹದಿನೇಳರ ಹುಡುಗನಿಗೂ ಐವತ್ತರ ನುರಿತ ಯೋಧನಿಗೂ ಅದೇ ಬಿಗಿದ ಕಚ್ಚೆ, ಅದೇ ಎತ್ತಿದ ಕತ್ತಿ. ನರಸೀಪುರ ತಾಲ್ಲೂಕಿನ ದೊಡ್ಡಹುಂಡಿಯ 9ನೆಯ ಶತಮಾನದ ಸ್ಮಾರಕ ಇದಕ್ಕೆ ಹೊರತು; ಅದರಲ್ಲಿ ಗಂಗರಾಜ ನೀತಿಮಾರ್ಗನ ಮರಣದೃಶ್ಯವನ್ನೇ ಕೆತ್ತಲಾಗಿದೆ. ಅರಸನಿಗೆ ಅವನದೇ ಸಾವಿನ ಚಿತ್ರ ದಕ್ಕಿತು. ಊರ ಹುಡುಗನಿಗೆ ಎಲ್ಲರಿಗೂ ಸಲ್ಲುವ ಚಿತ್ರವೇ ದಕ್ಕಿತು.

ಶಾಸನದ ಸಾಲುಗಳೂ ಸಾಮಾನ್ಯವಾಗಿ ಒಡೆಯನ ಹೆಸರು, ಕಾಳಗದ ಸಂದರ್ಭ, ಸತ್ತವನ ಹೆಸರುಗಳನ್ನು ಹೇಳುತ್ತವೆಯೇ ಹೊರತು ವಯಸ್ಸನ್ನಲ್ಲ. ಆ ಕಾಲಕ್ಕೆ ಮುಖ್ಯವಾಗಿದ್ದುದು ಸತ್ತವನ ಹಿಂದೆ ಉಳಿದವರು ಯಾರು, ಅವರಿಗೆ ಸಲ್ಲಬೇಕಾದುದೇನು ಎಂಬುದು. ಆದ್ದರಿಂದಲೇ ಮಡಿದ ವೀರನ ಸಲುವಾಗಿ ಬಿಟ್ಟ ಭೂಮಿಗೆ ‘ಕಲ್ನಾಡು’, ‘ನೆತ್ತರುಗೊಡಗೆ’ ಎಂಬ ಹೆಸರುಗಳೇ ಹುಟ್ಟಿದವು. ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ, ಸುಮಾರು ಕ್ರಿ.ಶ. 890ರ ಬೇಗೂರು ವೀರಗಲ್ಲು, ನಾಗತ್ತರನೆಂಬ ವೀರನು ಕಾದಿ ಮಡಿದ ಮೇಲೆ ಇರುಗನೆಂಬವನಿಗೆ ನಾಗತ್ತರನ ಪದವಿಯನ್ನೂ, ‘ಬೆಂಪೂರು ಹನ್ನೆರಡು’ ಎಂಬ ಹಳ್ಳಿಗಳ ಗುಂಪನ್ನು ಕಲ್ನಾಡಾಗಿಯೂ ಕೊಟ್ಟುದನ್ನು ದಾಖಲಿಸಿದೆ.

ಇಂದಿನ ಕಾನೂನು ಮೊದಲು ಕೇಳುವುದು ವಯಸ್ಸನ್ನೇ. ಭಾರತೀಯ ಸೇನೆಗೆ ಹದಿನೇಳೂವರೆ ವರ್ಷಕ್ಕೆ ಸೇರಬಹುದಾದರೂ, 18 ತುಂಬದವರು ನೇರ ಕಾದಾಟದಲ್ಲಿ ತೊಡಗದಂತೆ ನೋಡಿಕೊಳ್ಳಬೇಕೆಂದು ವಿಶ್ವಸಂಸ್ಥೆ 2000ದಲ್ಲಿ ಅಂಗೀಕರಿಸಿದ ಒಪ್ಪಂದ ಹೇಳುತ್ತದೆ. ಹಳೆಯ ಕಲ್ಲಿನಲ್ಲಿ ಅಂಥ ಸಂಖ್ಯೆ ಸಿಗದಿದ್ದರೂ, ಅದನ್ನು ನಿಲ್ಲಿಸಿದವರು ಯಾರೆಂಬ ಸಾಲು ಉಳಿದಿದ್ದರೆ ಸಣ್ಣದೊಂದು ಸುಳಿವು ಸಿಗುತ್ತದೆ. ಮಗನಿಗಾಗಿ ತಂದೆ ಕಲ್ಲು ನಿಲ್ಲಿಸಿದ್ದರೆ ಸತ್ತವನ ಪ್ರಾಯ ತಿಳಿಯದು. ಹಿರಿಯನು ಉಳಿದು ಕಿರಿಯನು ಹೋದನೆಂಬುದಷ್ಟು ತಿಳಿಯುತ್ತದೆ.