ಸೆಕೆಂಡಿಗೆ 7,000 ಬೇಳೆ

ಬೇಳೆ ಚೀಲದ ಮೇಲೆ ‘ಸಾರ್ಟೆಕ್ಸ್ ಕ್ಲೀನ್’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿರುತ್ತದಲ್ಲ, ಅದೇನು ಬೇಳೆಯ ತಳಿಯೋ, ಹಾಕಿದ ರಾಸಾಯನಿಕವೋ ಎಂದು ಓದುಗರೊಬ್ಬರು ಕೇಳಿದ್ದಾರೆ. ಎರಡೂ ಅಲ್ಲ. ಅದು ಒಂದು ಯಂತ್ರದ ಹೆಸರು. ಕಂಪ್ಯೂಟರ್, ಕ್ಯಾಮೆರಾ ಎಂದರೆ ಕಣ್ಣರಳಿಸುವವರೆಲ್ಲ ಒಮ್ಮೆಯಾದರೂ ಕಣ್ಣಾರೆ ನೋಡಬೇಕಾದ ಯಂತ್ರ. ಅದನ್ನು ನೋಡಲು ಬೆಂಗಳೂರಿನ ಟೆಕ್ ಪಾರ್ಕಿಗೆ ಹೋಗಬೇಕಿಲ್ಲ. ಕಲಬುರಗಿಯ ನೆಹರು ಗಂಜ್ ಸಾಕು.

ಸಂಕ್ರಾಂತಿಯ ಆಸುಪಾಸಿನಲ್ಲಿ ಗಂಜ್‌ಗೆ ಹೋದರೆ ಕಾಲಿಡಲು ಜಾಗ ಇರುವುದಿಲ್ಲ. ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರದ ಕಡೆಯಿಂದ, ಇತ್ತ ಆಳಂದ, ಚಿಂಚೋಳಿ, ಸೇಡಂ ಕಡೆಯಿಂದ ತೊಗರಿ ಚೀಲ ತುಂಬಿದ ವಾಹನಗಳು ಬರುತ್ತಲೇ ಇರುತ್ತವೆ. ಹಮಾಲರು ಚೀಲ ಇಳಿಸುತ್ತಾರೆ. ಅಡತಿ ಅಂಗಡಿಯ ಮುಂದೆ ಖರೀದಿದಾರ ಒಂದು ಹಿಡಿ ಕಾಳು ತೆಗೆದು ಅಂಗೈಯಲ್ಲಿ ಹರಡಿ ಬೆರಳಿನಿಂದ ಸರಿಸಿ ನೋಡುತ್ತಾನೆ. ಒಂದೆರಡು ಕಾಳು ಹಲ್ಲಿನಲ್ಲಿ ಕಡಿದು ಒಣಗಿದೆಯೋ ಇಲ್ಲವೋ ಪರೀಕ್ಷಿಸುತ್ತಾನೆ. 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ತೊಗರಿ ಊರಿನ ನೂರಾರು ದಾಲ್ ಮಿಲ್‌ಗಳಿಗೆ ಹೋಗಿ, ಎಣ್ಣೆ ಸವರಿಸಿಕೊಂಡು, ಬಿಸಿಲಲ್ಲಿ ಒಣಗಿ, ಸಿಪ್ಪೆ ಬಿಟ್ಟು ಬೇಳೆಯಾಗುತ್ತದೆ. ಆಮೇಲೆ ಹೊರ ಊರಿನ ವ್ಯಾಪಾರಿ ಫೋನಿನಲ್ಲಿ ಕೇಳುವ ಪ್ರಶ್ನೆ ಒಂದೇ: “ಮಾಲು ಸಾರ್ಟೆಕ್ಸ್ ಅದ ಏನ್ರಿ?”

ಅಂದರೆ, ಕಲ್ಲು, ಕಪ್ಪು ಬೇಳೆ, ಸಿಪ್ಪೆ ಬಿಡದ ಬೇಳೆ, ಹುಳು ತಿಂದದ್ದು, ಬೇರೆ ಕಾಳು ಇವನ್ನೆಲ್ಲ ಯಂತ್ರದಿಂದ ಆರಿಸಿ ತೆಗೆದಿದ್ದೀರಾ ಎಂದು.

ಈ ಕೆಲಸದ ಗಾತ್ರವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ನೂರು ತೊಗರಿ ಕಾಳು ಸುಮಾರು 10 ಗ್ರಾಂ ತೂಗುತ್ತವೆ. ಸಿಪ್ಪೆ ಹೋಗಿ ಎರಡು ಹೋಳಾದ ಮೇಲೆ ಒಂದು ಬೇಳೆಯ ತೂಕ ಸುಮಾರು 0.04 ಗ್ರಾಂ. ಹಾಗಾದರೆ ಒಂದು ಕ್ವಿಂಟಲ್‌ನಲ್ಲಿ 25 ಲಕ್ಷ ಬೇಳೆ, ಒಂದು ಟನ್‌ನಲ್ಲಿ ಎರಡೂವರೆ ಕೋಟಿ. ಗಂಟೆಗೆ ಒಂದು ಟನ್ ಬೇಳೆ ಹಸನು ಮಾಡುವ ಯಂತ್ರ ಸೆಕೆಂಡಿಗೆ ಹೆಚ್ಚುಕಡಿಮೆ 7,000 ಬೇಳೆಗಳನ್ನು ಒಂದೊಂದಾಗಿ ನೋಡಬೇಕು. ಪ್ರತಿಯೊಂದಕ್ಕೂ ‘ಇರಲಿ’ ಅಥವಾ ‘ಬೇಡ’ ಎಂದು ತೀರ್ಮಾನ ಹೇಳಬೇಕು. ಮೊರದಲ್ಲಿ ಕೇರಿ, ಆರಿಸಿ ಅಭ್ಯಾಸವಿರುವ ಯಾರಿಗೇ ಆದರೂ ಈ ಸಂಖ್ಯೆ ಎದೆ ಝಲ್ಲೆನಿಸುತ್ತದೆ.

ಅದು ಹೇಗೆ ನೋಡುತ್ತದೆ? ಆಧಾರ್ ಕಾರ್ಡಿನ ಪ್ರತಿ ತೆಗೆಸಲು ಹೋಗುವ ಅಂಗಡಿಯ ಸ್ಕ್ಯಾನರ್ ನೆನಪು ಮಾಡಿಕೊಳ್ಳಿ. ಗಾಜಿನ ಕೆಳಗೆ ಒಂದು ಬೆಳಕಿನ ಪಟ್ಟಿ ಈ ತುದಿಯಿಂದ ಆ ತುದಿಗೆ ಮೆಲ್ಲಗೆ ಸರಿಯುತ್ತದೆ. ಅದು ಇಡೀ ಕಾರ್ಡನ್ನು ಒಮ್ಮೆಲೇ ನೋಡುವುದಿಲ್ಲ. ಕೂದಲೆಳೆಯಷ್ಟು ಅಗಲದ ಒಂದು ಗೆರೆ ನೋಡುತ್ತದೆ, ಮುಂದೆ ಸರಿಯುತ್ತದೆ, ಇನ್ನೊಂದು ಗೆರೆ ನೋಡುತ್ತದೆ. ಗೆರೆಗೆ ಗೆರೆ ಸೇರಿ ಚಿತ್ರವಾಗುತ್ತದೆ. ಬೇಳೆಯ ಯಂತ್ರದಲ್ಲಿರುವುದೂ ಅದೇ ಬಗೆಯ ಗೆರೆ ಕ್ಯಾಮೆರಾ. ವ್ಯತ್ಯಾಸ ಇಷ್ಟೇ: ಅಲ್ಲಿ ಕಾರ್ಡು ಸುಮ್ಮನೆ ಮಲಗಿರುತ್ತದೆ, ಕಣ್ಣು ಸರಿಯುತ್ತದೆ. ಇಲ್ಲಿ ಕಣ್ಣು ನಿಂತಿರುತ್ತದೆ, ಬೇಳೆ ಬೀಳುತ್ತದೆ. ಸ್ಕ್ಯಾನರ್‌ನಲ್ಲಿ ಚಿತ್ರ ಪೂರ್ತಿಯಾಗುವ ತನಕ ಕಾಯಲು ಅಡ್ಡಿಯಿಲ್ಲ. ಇಲ್ಲಿ ಚಿತ್ರ ಮೂಡುತ್ತಿರುವಾಗಲೇ ತೀರ್ಪು ಸಿದ್ಧವಾಗಬೇಕು, ಏಕೆಂದರೆ ಬೇಳೆ ಯಾರಿಗೂ ಕಾಯುವುದಿಲ್ಲ.

ಯಂತ್ರದ ಮೇಲೆ ನಡುಗುವ ತಟ್ಟೆಯೊಂದು ಬೇಳೆಯನ್ನು ತೆಳ್ಳಗೆ ಹರಡಿ ಓರೆಯಾದ ನುಣುಪು ಹಲಗೆಗೆ ಬಿಡುತ್ತದೆ. ಸುಮಾರು ಒಂದು ಮೀಟರ್ ಜಾರಿ ಬರುವಷ್ಟರಲ್ಲಿ ಬೇಳೆಯ ವೇಗ ಸೆಕೆಂಡಿಗೆ 4 ಮೀಟರ್ ಹತ್ತಿರ ಬರುತ್ತದೆ. ಹಲಗೆಯ ತುದಿಯಿಂದ ಗಾಳಿಗೆ ಹಾರಿದ ಕ್ಷಣದಲ್ಲಿ ಎಲ್‌ಇಡಿ ಬೆಳಕಿನಲ್ಲಿ ಹಿಂದಿನಿಂದಲೂ ಮುಂದಿನಿಂದಲೂ ಕ್ಯಾಮೆರಾ ನೋಡುತ್ತದೆ. ಅಲ್ಲಿಂದ ಕೆಲವೇ ಸೆಂಟಿಮೀಟರ್ ಕೆಳಗೆ ಸಾಲಾಗಿ ಗಾಳಿಯ ರಂಧ್ರಗಳಿವೆ. ಕಪ್ಪು ಬೇಳೆ ಕಂಡರೆ, ಅದು ಯಾವ ರಂಧ್ರದ ಮುಂದೆ ಯಾವ ಕ್ಷಣಕ್ಕೆ ಬರುತ್ತದೆಂದು ಲೆಕ್ಕ ಹಾಕಿ, ಆ ಒಂದೇ ರಂಧ್ರದ ವಾಲ್ವ್ ತೆರೆದು ಒತ್ತಡದ ಗಾಳಿ ಹೊಡೆಯುತ್ತದೆ. ಬೇಳೆ ಪಕ್ಕದ ಗುಂಡಿಗೆ ಬೀಳುತ್ತದೆ. ಇದಕ್ಕೆಲ್ಲ ಸಿಗುವ ಸಮಯ ಹತ್ತಿಪ್ಪತ್ತು ಮಿಲಿಸೆಕೆಂಡ್. ಸೆಕೆಂಡಿಗೆ 4 ಮೀಟರ್ ಎಂದರೆ ಒಂದು ಮಿಲಿಸೆಕೆಂಡಿಗೆ 4 ಮಿಲಿಮೀಟರ್; ತೊಗರಿ ಬೇಳೆಯ ಅಗಲವೇ ಸುಮಾರು 5 ಮಿಲಿಮೀಟರ್. ವಾಲ್ವ್ ಒಂದು ಮಿಲಿಸೆಕೆಂಡ್ ತಡಮಾಡಿದರೆ ತಪ್ಪಿತಸ್ಥ ಪಾರಾಗಿ, ಹಿಂದೆ ಬರುತ್ತಿದ್ದ ಒಳ್ಳೆಯ ಬೇಳೆಗೆ ಏಟು ಬೀಳುತ್ತದೆ. ಹಾಗಾಗಿಯೇ ಹೊರಗೆ ಹಾಕಿದ ಮಾಲನ್ನು ಮತ್ತೊಮ್ಮೆ ಯಂತ್ರಕ್ಕೆ ಕೊಟ್ಟು ಅದರಲ್ಲಿ ಸೇರಿಹೋದ ಒಳ್ಳೆಯದನ್ನು ವಾಪಸು ಪಡೆಯುತ್ತಾರೆ.

ಬೇಳೆಯ ಬಣ್ಣದ್ದೇ ಕಲ್ಲು ಇದ್ದರೆ? ಅಲ್ಲಿ ಮನುಷ್ಯನ ಕಣ್ಣೂ ಸೋಲುತ್ತದೆ, ಸಾಮಾನ್ಯ ಕ್ಯಾಮೆರಾವೂ ಸೋಲುತ್ತದೆ. ಆದರೆ ಬೇಳೆಯಲ್ಲಿ ನೀರಿನಂಶ, ಪಿಷ್ಟ, ಪ್ರೋಟೀನು ಇವೆ. ಅವು ಅವಗೆಂಪು ಬೆಳಕಿನ ಕೆಲವು ಅಲೆಗಳನ್ನು ಹೀರಿಕೊಳ್ಳುತ್ತವೆ. ಕಲ್ಲು, ಗಾಜು ಹಾಗೆ ಹೀರುವುದಿಲ್ಲ. ಸಿಲಿಕಾನ್ ಬದಲು ಇಂಡಿಯಂ, ಗ್ಯಾಲಿಯಂ, ಆರ್ಸೆನಿಕ್ ಬೆರೆಸಿ ಮಾಡಿದ ದುಬಾರಿ ಸೆನ್ಸರ್‌ಗೆ ಈ ವ್ಯತ್ಯಾಸ ಹಗಲಿನಷ್ಟು ಸ್ಪಷ್ಟ.

ಇದರ ಚರಿತ್ರೆ ಇನ್ನೂ ಸೊಗಸು. ಕಂಪ್ಯೂಟರ್ ಹುಟ್ಟುವ ಮೊದಲೇ, 1930ರ ದಶಕದಲ್ಲಿ, ಅಮೆರಿಕದ ಮಿಷಿಗನ್ನಿನಲ್ಲಿ ಫೋಟೊಸೆಲ್ ಬಳಸಿ ಬಿಳಿ ಬೀನ್ಸ್ ಕಾಳು ಆರಿಸುವ ಯಂತ್ರ ಬಂತು. 1947ರಲ್ಲಿ ಲಂಡನ್ನಿನಲ್ಲಿ ಶುರುವಾದ ಉದ್ಯಮವೊಂದು ಸಾರ್ಟೆಕ್ಸ್ ಎಂಬ ಹೆಸರಿನಲ್ಲಿ ಪ್ರಸಿದ್ಧವಾಯಿತು. ಮುಂದೆ ಅದು ಸ್ವಿಟ್ಜರ್ಲೆಂಡಿನ ಬ್ಯೂಲರ್ ಸಮೂಹಕ್ಕೆ ಸೇರಿತು. ಆ ಸಮೂಹದ ಕಾರ್ಖಾನೆ ನಮ್ಮ ಅತ್ತಿಬೆಲೆಯಲ್ಲೂ ಇದೆ. ಗಂಜ್‌ನಲ್ಲಿ ಮಾತ್ರ ಯಂತ್ರ ಚೀನಾದ್ದಾಗಲಿ ಜಪಾನಿನದ್ದಾಗಲಿ, ಅದರಿಂದ ಹೊರಬಂದದ್ದೆಲ್ಲ ಸಾರ್ಟೆಕ್ಸ್ ಮಾಲೇ. 1969ರಲ್ಲಿ ಬೆಲ್ ಲ್ಯಾಬ್ಸ್‌ನ ವಿಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿ ಎಂಬ ಬೆಳಕು ಹಿಡಿಯುವ ಚಿಪ್ ಕಲ್ಪಿಸಿದರು. 2009ರಲ್ಲಿ ಅದಕ್ಕೆ ನೊಬೆಲ್ ಬಂತು. 1976ರಲ್ಲಿ ರೇ ಕರ್ಜ್‌ವೈಲ್ ಸಿಸಿಡಿಯ ಸ್ಕ್ಯಾನರ್ ಬಳಸಿ ಅಂಧರಿಗೆ ಪುಸ್ತಕ ಓದಿ ಹೇಳುವ ಯಂತ್ರ ಮಾಡಿದರು. ಅಂದು ಅಕ್ಷರ ಗುರುತಿಸಿದ ಗೆರೆಗಣ್ಣಿನ ವಂಶದ್ದೇ ಇಂದು ಕಲಬುರಗಿಯಲ್ಲಿ ಬೇಳೆ ಗುರುತಿಸುತ್ತಿದೆ.

ಈಗ ಈ ಲೋಕಕ್ಕೂ ಮೊಬೈಲ್ ಮಾರುಕಟ್ಟೆಯ ಜ್ವರ ತಗುಲಿದೆ. ಮಾರಾಟಗಾರರ ಮೊದಲ ಮಾತೇ ‘5400 ಪಿಕ್ಸೆಲ್’. 30 ಸೆಂಟಿಮೀಟರ್ ಅಗಲದ ಹಲಗೆಯನ್ನು 5400 ಪಿಕ್ಸೆಲ್ ನೋಡಿದರೆ ಒಂದೊಂದರ ಪಾಲಿಗೆ 0.06 ಮಿಲಿಮೀಟರ್ ಕೂಡ ಬರುವುದಿಲ್ಲ. ಬೇಳೆಯ ಅಡ್ಡಕ್ಕೆ 90 ಪಿಕ್ಸೆಲ್! ಅದ್ಭುತವೇ ಸರಿ. ಆದರೆ ಅದು ಅಡ್ಡದ ಲೆಕ್ಕ ಮಾತ್ರ. ಬೀಳುವ ದಿಕ್ಕಿನಲ್ಲಿಯೂ ಅಷ್ಟೇ ಸೂಕ್ಷ್ಮವಾಗಿ ಕಾಣಬೇಕಾದರೆ ಕ್ಯಾಮೆರಾ ಸೆಕೆಂಡಿಗೆ 66,000ಕ್ಕೂ ಹೆಚ್ಚು ಗೆರೆ ಓದಬೇಕು. 15,000 ಗೆರೆ ಓದುವ ಕ್ಯಾಮೆರಾ ಆದರೆ ಎರಡು ಗೆರೆಗಳ ನಡುವೆ ಬೇಳೆ ಕಾಲು ಮಿಲಿಮೀಟರಿಗಿಂತ ಹೆಚ್ಚು ಜಾರಿರುತ್ತದೆ. ಗೆರೆಯ ವೇಗ ಹೇಳದೆ ಪಿಕ್ಸೆಲ್ ಮಾತ್ರ ಹೇಳುವವರ ಮಾತು ಅರ್ಧ ಸತ್ಯ.

ಎರಡನೆಯ ಜ್ವರ ‘ಎಐ’ ಸ್ಟಿಕ್ಕರ್. ಇದರ ಪೂರ್ವಕಥೆ ತಿಳಿದರೆ ಉತ್ಸಾಹ ಸ್ವಲ್ಪ ಹದಕ್ಕೆ ಬರುತ್ತದೆ. 1958ರಲ್ಲಿ ಫ್ರಾಂಕ್ ರೋಸೆನ್‌ಬ್ಲಾಟ್ ‘ಪರ್ಸೆಪ್ಟ್ರಾನ್’ ಎಂಬ ಕಲಿಯುವ ಯಂತ್ರದ ವಿಚಾರವನ್ನು ಜಗತ್ತಿಗೆ ತೋರಿಸಿದರು. ಆಮೇಲೆ ಕಟ್ಟಿದ ಯಂತ್ರಕ್ಕೆ 400 ಫೋಟೊಸೆಲ್‌ಗಳ ಕಣ್ಣಿತ್ತು. ಮುಂದೊಂದು ದಿನ ಇದು ನಡೆಯುತ್ತದೆ, ಮಾತಾಡುತ್ತದೆ, ತನ್ನ ಅಸ್ತಿತ್ವವನ್ನೇ ಅರಿಯುತ್ತದೆ ಎಂದು ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತು. ಅದೇ ಹೊತ್ತಿಗೆ ಅಂಥವೇ ಫೋಟೊಸೆಲ್‌ಗಳು ಪ್ರಚಾರವಿಲ್ಲದೆ ಬೀನ್ಸ್, ಬಟಾಣಿ ಆರಿಸುತ್ತ ಸಂಬಳ ಗಳಿಸುತ್ತಿದ್ದವು. ಯಂತ್ರದ ಕಣ್ಣು ಮೊದಲು ದುಡಿಯಲು ಕಲಿತದ್ದು ಪ್ರಯೋಗಾಲಯದಲ್ಲಿ ಅಲ್ಲ, ಕಾಳಿನ ಗೋದಾಮಿನಲ್ಲಿ. ಗ್ಯಾಜೆಟ್ ಪ್ರಿಯರ ಚರ್ಚೆಗಳಲ್ಲಿ ಈ ಅಧ್ಯಾಯಕ್ಕೆ ಜಾಗವೇ ಸಿಗದಿರುವುದು ಬೇಸರದ ಸಂಗತಿ.

ಹಾಗೆಂದು ಎಐ ಪೂರ್ತಿ ಪೊಳ್ಳೇನಲ್ಲ. ಹಳೆಯ ಯಂತ್ರ ಬಣ್ಣದ ಮಿತಿ ನೋಡುತ್ತಿತ್ತು: ಇಷ್ಟಕ್ಕಿಂತ ಕಪ್ಪಾದರೆ ಹೊಡಿ. ಆಕಾರ ಬಂದಾಗ ಮಾತು ಬೇರೆ. ಕೇಸರಿ ಬೇಳೆಯ ಉದಾಹರಣೆ ನೋಡಿ. ಕಾಲುಗಳ ಬಲ ಕಸಿಯುವ ಲ್ಯಾಥಿರಿಸಂ ಕಾಯಿಲೆಗೆ ಕಾರಣವಾದ್ದರಿಂದ 1961ರಲ್ಲಿ ಅದರ ಮಾರಾಟ ನಿಷೇಧವಾಯಿತು. ಅದರ ಬಣ್ಣ ತೊಗರಿ ಬೇಳೆಯನ್ನು ಹೋಲುತ್ತದೆ, ಅಂಚು ಮಾತ್ರ ಕೋನವಾಗಿರುತ್ತದೆ. ಒಳ್ಳೆಯದು, ಕೆಟ್ಟದ್ದು ಎಂದು ಸಾವಿರಾರು ಚಿತ್ರ ತೋರಿಸಿ ಕಲಿಸಿದ ನ್ಯೂರಲ್ ನೆಟ್‌ವರ್ಕ್ ಇಂಥ ಕಡೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಆದರೆ ಅದಕ್ಕೆ ಪಾಠ ಹೇಳುವವರು ಯಾರು? ಅದೇ ಅಂಗೈಯಲ್ಲಿ ಕಾಳು ಹರಡಿ ನೋಡುವವರು.

ಯಂತ್ರದ ಪಕ್ಕ ನಿಂತ ಆಪರೇಟರ್ ಈ ಲೋಕದ ನಿಜವಾದ ಪಂಡಿತ. ಅವನು ಆಗಾಗ ಕೆಳಗೆ ಕೈಯೊಡ್ಡಿ ಎರಡೂ ಕಡೆಯ ಮಾಲು ಹಿಡಿದು ನೋಡುತ್ತಾನೆ, ಪರದೆಯ ಮೇಲೆ ಒಂದು ಅಂಕಿ ಏರಿಸುತ್ತಾನೆ, ಇಳಿಸುತ್ತಾನೆ. ವಾಲ್ವ್‌ಗಳ ಟಿಕ್ ಟಿಕ್ ಸದ್ದಿನ ಲಯ ತಪ್ಪಿದರೆ ತಿರುಗಿ ನೋಡದೆಯೇ “ಗಾಳಿ ಕಮ್ಮಿ ಬರ್ಲಿಕತ್ತದ್ರಿ ಸಾವಕಾರ್ರೆ” ಅನ್ನುತ್ತಾನೆ. ಗಾಜಿನ ಮೇಲೆ ಬೇಳೆಯ ಧೂಳು ಕೂತರೆ 5400 ಪಿಕ್ಸೆಲ್ಲೂ ಕುರುಡು. ಮೇ ತಿಂಗಳ ಕಲಬುರಗಿ ಬಿಸಿಲಿಗೆ ಎಲೆಕ್ಟ್ರಾನಿಕ್ಸ್ ಬಿಸಿಯಾಗಿ ಬಣ್ಣದ ಲೆಕ್ಕ ತಪ್ಪುತ್ತದೆ, ಅದಕ್ಕೇ ಎಷ್ಟೋ ಮಿಲ್‌ಗಳಲ್ಲಿ ಮನುಷ್ಯರಿಗಿಲ್ಲದ ಎಸಿ ಯಂತ್ರಕ್ಕಿದೆ. ಹಿಂದೆ ಸಾಲಾಗಿ ಕುಳಿತು ಬೇಳೆ ಆರಿಸುತ್ತಿದ್ದ ಹೆಣ್ಣುಮಕ್ಕಳ ಕೂಲಿ ಈ ಯಂತ್ರದಿಂದ ಕಡಿಮೆಯಾಯಿತು ಎಂಬುದನ್ನೂ ಹೇಳದೆ ಬಿಡಬಾರದು.

ಇನ್ನು ಓದುಗರ ಪ್ರಶ್ನೆಗೆ ನೇರ ಉತ್ತರ: ಸಾರ್ಟೆಕ್ಸ್ ಎಂದರೆ ನೋಟದಲ್ಲಿ ಹಸನಾದ ಬೇಳೆ. ಅದು ಬೇಗ ಬೇಯುತ್ತದೆಯೇ, ರುಚಿ ಇದೆಯೇ, ಕೀಟನಾಶಕದ ಉಳಿಕೆ ಇದೆಯೇ ಎಂಬುದನ್ನು ಈ ಕ್ಯಾಮೆರಾ ಹೇಳಲಾರದು. ಮಿರಮಿರ ಮಿಂಚುವುದಕ್ಕೂ ಸಾರ್ಟೆಕ್ಸ್‌ಗೂ ಸಂಬಂಧವಿಲ್ಲ. ಅದು ಪಾಲಿಶ್‌ನ ಕೆಲಸ.

ಕೊನೆಗೆ ಮಿಲ್ ಮಾಲೀಕರಲ್ಲಿ ಒಂದು ವಿನಂತಿ. ಪಿಡಿಎ ಎಂಜಿನಿಯರಿಂಗ್ ಕಾಲೇಜಿನಂಥ ಹಳೆಯ ಸಂಸ್ಥೆ ಇರುವ ಊರು ಇದು. ಅಲ್ಲಿನ ವಿದ್ಯಾರ್ಥಿಗಳು ಕಂಪ್ಯೂಟರ್ ವಿಷನ್ ಪಾಠವನ್ನು ಬೆಕ್ಕು ನಾಯಿಗಳ ಚಿತ್ರ ಇಟ್ಟುಕೊಂಡು ಕಲಿಯಬೇಕಿಲ್ಲ. ತೊಗರಿ ಹಂಗಾಮು ಮುಗಿದು ಕೆಲಸ ಸಡಿಲವಾದಾಗ ಯಂತ್ರದ ಬಾಗಿಲು ತೆರೆದು ಅವರಿಗೆ ತೋರಿಸಿ. ಆಪರೇಟರ್‌ನನ್ನೇ ಮುಂದೆ ನಿಲ್ಲಿಸಿ ಪಾಠ ಮಾಡಿಸಿ.