ಶುಷ್ಕನೇತ್ರಕ್ಕೆ ಬೆಳಕಿನ ಚಿಕಿತ್ಸೆ: ಯಾರಿಗೆ ಹಿತ, ಯಾರಿಗೆ ಅಹಿತ?

ಕಣ್ಣಿನಲ್ಲಿ ಮರಳು ಬಿದ್ದಂತೆ ಚುಚ್ಚುವುದು, ಉರಿಯುವುದು, ಓದುವಾಗ ಅಕ್ಷರ ಮಸುಕಾಗುವುದು, ಒಮ್ಮೊಮ್ಮೆ ಧಾರಾಳವಾಗಿ ನೀರು ಸುರಿಯುವುದು, ಇವು ಶುಷ್ಕನೇತ್ರದ ಲಕ್ಷಣಗಳು. ನೀರು ಸುರಿಸುವ ಕಣ್ಣು ಒಣಗಿದ ಕಣ್ಣು ಹೇಗಾದೀತೆಂದು ಹಲವರು ನಮ್ಮನ್ನು ಕೇಳುತ್ತಾರೆ.

ಕಣ್ಣೀರು ಬರಿಯ ನೀರಲ್ಲ. ಒಳಗೆ ಲೋಳೆ, ನಡುವೆ ನೀರು, ಮೇಲೆ ತೆಳುವಾದ ಎಣ್ಣೆಯ ಪದರ, ಈ ಮೂರೂ ಕೂಡಿ ಕಣ್ಣನ್ನು ಕಾಯುತ್ತವೆ. ಎಣ್ಣೆಯನ್ನು ಒದಗಿಸುವುದು ರೆಪ್ಪೆಯೊಳಗೆ ಸಾಲಾಗಿರುವ ಮೈಬೋಮಿಯನ್ ಗ್ರಂಥಿಗಳು. ಇವುಗಳ ಬಾಯಿ ಕಟ್ಟಿದರೆ ನೀರು ಬೇಗನೆ ಆವಿಯಾಗುತ್ತದೆ. ಕೆರಳಿದ ಕಣ್ಣು ಮತ್ತೆ ಸುರಿಸಿದ ನೀರೂ ನಿಲ್ಲುವುದಿಲ್ಲ. ಶುಷ್ಕನೇತ್ರದ ಬಹುಪಾಲು ಪ್ರಕರಣಗಳಲ್ಲಿ ಈ ದೋಷವಿರುತ್ತದೆ.

ಬೆಳಕಿನ ಚಿಕಿತ್ಸೆ ಉದ್ದೇಶಿಸಿರುವುದು ಈ ಗ್ರಂಥಿದೋಷವನ್ನೇ. ಅದರಲ್ಲಿ ಮುಖ್ಯವಾದದ್ದು ಐ.ಪಿ.ಎಲ್., ಅಂದರೆ ತೀವ್ರ ಬೆಳಕಿನ ಮಿಡಿತಗಳ ವಿಧಾನ. ಮೊದಲು ಚರ್ಮರೋಗಗಳಿಗೆ ಬಳಕೆಯಾಗುತ್ತಿದ್ದ ಇದಕ್ಕೆ ಶುಷ್ಕನೇತ್ರದ ಚಿಕಿತ್ಸೆಗಾಗಿ 2021ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅನುಮತಿ ನೀಡಿತು. ಬೆಳಕನ್ನು ಕಣ್ಣಿನೊಳಗೆ ಬಿಡುವುದಿಲ್ಲ. ಕಣ್ಣನ್ನು ಭದ್ರವಾಗಿ ಮುಚ್ಚಿ, ಕೆಳರೆಪ್ಪೆಯ ಕೆಳಗಿನ ಕೆನ್ನೆಯ ಮೇಲೆ ಹಾಯಿಸುತ್ತಾರೆ. ಉರಿಯೂತಕ್ಕೆ ಕಾರಣವಾದ ಸೂಕ್ಷ್ಮ ರಕ್ತನಾಳಗಳು ಮುಚ್ಚುತ್ತವೆ, ಗಟ್ಟಿಯಾದ ಎಣ್ಣೆ ಮೆದುವಾಗುತ್ತದೆ ಎಂಬುದು ಇದರ ತತ್ತ್ವ. ಬಳಿಕ ವೈದ್ಯರು ರೆಪ್ಪೆಯನ್ನು ಒತ್ತಿ ಆ ಎಣ್ಣೆಯನ್ನು ಹೊರತೆಗೆಯುತ್ತಾರೆ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳ ಅಂತರದಲ್ಲಿ ನಾಲ್ಕು ಸಲ ಮಾಡುತ್ತಾರೆ.

ನಮ್ಮ ನಾಡಿನವರು ಇಲ್ಲೊಂದು ಮಾತನ್ನು ಗಮನಿಸಬೇಕು. ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ಸಹ ಈ ಬೆಳಕನ್ನು ಹೀರುತ್ತದೆ. ಮೈಬಣ್ಣ ಗಾಢವಾದಷ್ಟೂ ಸುಟ್ಟ ಗಾಯ ಮತ್ತು ಕಲೆಗಳ ಭಯ ಹೆಚ್ಚು. ಆದುದರಿಂದಲೇ ಆರು ದರ್ಜೆಗಳ ಚರ್ಮವರ್ಗೀಕರಣದಲ್ಲಿ ಮೊದಲ ನಾಲ್ಕಕ್ಕೆ ಮಾತ್ರ ಆ ಅನುಮತಿ ಅನ್ವಯಿಸುತ್ತದೆ. ನಮ್ಮಲ್ಲಿ ಅನೇಕರು ಐದನೆಯ ದರ್ಜೆಯವರು. ಮುಖವಾಡದಂತಹ ಉಪಕರಣದಿಂದ ಮುಚ್ಚಿದ ಕಣ್ಣಿನ ಮೇಲೆ ಮಂದವಾದ ಕೆಂಪು ಬೆಳಕು ಬೀರುವ ಇನ್ನೊಂದು ವಿಧಾನದಲ್ಲಿ ಈ ಭಯ ಕಡಿಮೆ. ಆದರೆ ಅದರ ಅಧ್ಯಯನಗಳು ಇನ್ನೂ ಸ್ವಲ್ಪವೇ.

ಐ.ಪಿ.ಎಲ್. ಕುರಿತ 2020ರ ಕಾಕ್ರೇನ್ ವಿಮರ್ಶೆಗೆ ದೊರೆತದ್ದು ಮೂರು ಸಣ್ಣ ಪ್ರಯೋಗಗಳು. ಆಧಾರ ಸಾಲದೆಂದು ಅದು ಹೇಳಿತು. ಅನಂತರದ ಅಧ್ಯಯನಗಳು ಆಶಾದಾಯಕವಾಗಿವೆ. ಆದರೂ ನಶಿಸಿದ ಗ್ರಂಥಿಯನ್ನು ಬೆಳಕು ಮರಳಿ ತಾರದು, ಉಪಶಮನವೂ ಶಾಶ್ವತವಲ್ಲ. ಬಾಯಿಯೂ ಒಣಗಿ ಕೀಲುಗಳೂ ನೋಯುತ್ತಿದ್ದರೆ ಮೂಲರೋಗ ಬೇರೆ ಇರಬಹುದು. ಅದನ್ನು ಮೊದಲು ಪರೀಕ್ಷಿಸಬೇಕು.

ಸುಶ್ರುತ ಸಂಹಿತೆಯ ಉತ್ತರತಂತ್ರವು 76 ನೇತ್ರರೋಗಗಳಲ್ಲಿ ಶುಷ್ಕಾಕ್ಷಿಪಾಕವನ್ನೂ ಹೇಳಿದೆ. ಘೃತದ ತರ್ಪಣವನ್ನು ನುರಿತ ವೈದ್ಯರೇ ಮಾಡಬೇಕು. ಮನೆಯಲ್ಲಿ ಕಣ್ಣಿಗೆ ತುಪ್ಪ, ಜೇನು, ಹರಳೆಣ್ಣೆ ಹಾಕಿಕೊಳ್ಳಬಾರದು. ಬೆಳಕಿನ ಚಿಕಿತ್ಸೆಯೆಂದು ಸೂರ್ಯನನ್ನು ದಿಟ್ಟಿಸುವುದಂತೂ ದೃಷ್ಟಿಗೇ ಅಪಾಯ. ದಿನವೂ ಹತ್ತು ನಿಮಿಷ ಶುದ್ಧವಾದ ಬೆಚ್ಚನೆಯ ಬಟ್ಟೆಯ ಶಾಖ, ಮೃದುವಾಗಿ ರೆಪ್ಪೆ ಒತ್ತುವುದು, ಮೊಬೈಲ್ ನೋಡುವಾಗ ಮರೆಯದೆ ರೆಪ್ಪೆ ಮಿಟುಕಿಸುವುದು, ಇವು ಖರ್ಚಿಲ್ಲದ ಮೊದಲ ಉಪಚಾರ.

ಹಣ ಕಟ್ಟುವ ಮುನ್ನ ನೇತ್ರವೈದ್ಯರನ್ನು ಕೇಳಿರಿ: ನನ್ನ ಗ್ರಂಥಿಗಳನ್ನು ಪರೀಕ್ಷಿಸಿದ್ದೀರಾ? ನನ್ನ ಮೈಬಣ್ಣಕ್ಕೆ ಇದು ಸುರಕ್ಷಿತವೇ? ನಾನು ಸೇವಿಸುತ್ತಿರುವ ಔಷಧ ಚರ್ಮವನ್ನು ಬೆಳಕಿಗೆ ಸೂಕ್ಷ್ಮಗೊಳಿಸುವುದೇ? ಈ ಮೂರಕ್ಕೂ ಸ್ಪಷ್ಟ ಉತ್ತರ ದೊರೆತ ಮೇಲೆಯೇ ಒಪ್ಪಿಗೆ ಕೊಡುವುದು ಲೇಸು.